ಗಟ್ಟಿ ಬ್ರೇಕ್ ಪೆಡಲ್‌ಗೆ ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್: ಕೊಳ್ಳಬಹುದೇ?

ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದ ಕೂಡಲೇ ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆಯಲು ಹೊರಡುವವರಿದ್ದಾರೆ. ಅದು ದಂಡ. ಲೈನಿನಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗುತ್ತದೆ, ಗಟ್ಟಿಯಾಗುವುದಿಲ್ಲ. ಇನ್ನು ಕೆಲವರು ನೇರವಾಗಿ ಬೂಸ್ಟರನ್ನೇ, ಅಂದರೆ ವ್ಯಾಕ್ಯೂಮಿನ (ಗಾಳಿಯ ಎಳೆತದ) ನೆರವಿನಿಂದ ಕಾಲಿನ ಒತ್ತಡಕ್ಕೆ ಬಲ ಕೊಡುವ ಡಬ್ಬವನ್ನೇ, ಬಿಚ್ಚುತ್ತಾರೆ. ಹೊಸದನ್ನು ಕೂರಿಸಿದ ಮೇಲೂ ಪೆಡಲ್ ಹಾಗೇ ಇದ್ದರೆ ಆಗ ಅದಕ್ಕೆ ವ್ಯಾಕ್ಯೂಮ್ ತರುವ ಪೈಪಿನ ಕಡೆ ನೋಡುತ್ತಾರೆ. ಈ ಖರ್ಚು ತಪ್ಪಿಸುವ ಸಾಧನವೆಂದರೆ ಪಿಸ್ತೂಲಿನ ಆಕಾರದ, ಮೇಲೆ ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್. ಹಿಡಿ ಒತ್ತಿದಷ್ಟೂ ಗಾಳಿ ಎಳೆಯುತ್ತದೆ, ಎಷ್ಟು ಎಳೆಯಿತೆಂದು ಮುಳ್ಳು ತೋರಿಸುತ್ತದೆ.

ಪಂಪ್ ಕೈಗೆತ್ತಿಕೊಳ್ಳುವ ಮುಂಚೆ ಕಾಲಿನಿಂದಲೇ ಮಾಡುವ ಪರೀಕ್ಷೆಯೊಂದಿದೆ. ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಹಾಗಾದಾಗ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಜಾಮ್ ಆಗಿದೆಯೇ, ಪ್ಯಾಡ್ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದೆಯೇ, ಪೆಡಲ್ ತಿರುಗುವ ಜಾಗ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಅಲ್ಲಿ ಈ ಪಂಪಿಗೆ ಕೆಲಸವಿಲ್ಲ. ಪೆಡಲ್ ಕದಲದೇ ಇದ್ದರೆ ಮಾತ್ರ ಪೆಟ್ಟಿಗೆ ತೆರೆಯಿರಿ.

ಮೊದಲು ಪಂಪನ್ನೇ ಪರೀಕ್ಷಿಸಿ. ಟ್ಯೂಬಿನ ತುದಿಗೆ ಹೆಬ್ಬೆರಳಿಟ್ಟು ಗೇಜಿನಲ್ಲಿ 20 ಇಂಚಿನವರೆಗೆ (ವ್ಯಾಕ್ಯೂಮನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ) ಎಳೆದು ಒಂದು ನಿಮಿಷ ಕಾಯಿರಿ. ಮುಳ್ಳು ಇಳಿದರೆ ಸೋರುತ್ತಿರುವುದು ಪಂಪೇ. ಇದನ್ನು ಬಿಟ್ಟು ಮುಂದೆ ಹೋದವರು ಒಳ್ಳೆಯ ಬೂಸ್ಟರನ್ನು ಗುಜರಿಗೆ ಹಾಕುತ್ತಾರೆ.

ಈಗ ಮೊದಲ ಅಳತೆ. ಕಾರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬೂಸ್ಟರ್‌ಗೆ ಬರುವ ಪೈಪನ್ನು ಬೂಸ್ಟರ್ ಕಡೆಯಿಂದ ಬಿಚ್ಚಿ, ಆ ತುದಿಗೆ ಗೇಜ್ ಸೇರಿಸಿ ಎಂಜಿನ್ ಐಡಲ್‌ನಲ್ಲಿ ಓಡಿಸಿ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಬಿಸಿಯಾದ ಮೇಲೆ ಸಾಮಾನ್ಯವಾಗಿ 18ರಿಂದ 22 ಇಂಚು ತೋರಿಸಬೇಕು. ಇದು ಸಮುದ್ರ ಮಟ್ಟದ ಲೆಕ್ಕ. ಎತ್ತರದ ಊರಿನಲ್ಲಿ ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಕಳೆಯಿರಿ. ಕಡಿಮೆ ಬಂದರೆ ಮ್ಯಾನಿಫೋಲ್ಡಿನಲ್ಲೇ (ಎಂಜಿನ್ನಿನೊಳಗೆ ಗಾಳಿ ಹೋಗುವ ಕೊಳವೆಯಲ್ಲೇ) ಇನ್ನೊಮ್ಮೆ ಅಳೆಯಿರಿ. ಅಲ್ಲಿ ಸರಿಯಿದ್ದು ಇಲ್ಲಿ ಕಡಿಮೆಯಿದ್ದರೆ ಪೈಪ್ ಅಥವಾ ಅದರಲ್ಲಿರುವ ಒಮ್ಮುಖ ವಾಲ್ವ್ ಕೆಟ್ಟಿದೆ. ಎರಡೂ ಕಡೆ ಕಡಿಮೆಯಿದ್ದರೆ ಅದು ಎಂಜಿನ್ನಿನ ತೊಂದರೆ, ಬ್ರೇಕಿನದ್ದಲ್ಲ. ಡೀಸೆಲ್ ಎಂಜಿನ್ನಿಗೆ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಸಿಗದು, ಅದಕ್ಕೆ ಬೇರೆ ಪಂಪ್ ಇರುತ್ತದೆ. ಟರ್ಬೊ ಪೆಟ್ರೋಲ್ ಕಾರುಗಳಲ್ಲೂ ಈಗ ಅದು ಸಾಮಾನ್ಯ, ಹಾಗಾಗಿ ಅಳತೆಯನ್ನು ಆ ಪಂಪಿನ ಬಾಯಲ್ಲಿ ತೆಗೆಯಬೇಕು.

ಪೈಪಿನ ಒಂದು ಆಟ ಗೇಜಿಗೂ ಸುಲಭವಾಗಿ ಸಿಗುವುದಿಲ್ಲ. ಎಣ್ಣೆ ತಾಗಿ ಮೆತ್ತಗಾದ ಪೈಪ್ ಹೊರಗಿನಿಂದ ಸರಿಯಾಗೇ ಕಾಣುತ್ತದೆ. ಬೂಸ್ಟರ್‌ಗೆ ಜೋಡಿಸಿಯೇ ಎಂಜಿನ್ನನ್ನು ರೇಸ್ ಮಾಡಿ ಥಟ್ಟನೆ ಬಿಟ್ಟರೆ, ಎಳೆತಕ್ಕೆ ಅದು ನಡುವೆ ಚಪ್ಪಟೆಯಾಗುವುದು ಕಣ್ಣಿಗೇ ಕಾಣುತ್ತದೆ. ಹೊಸದು ಹಾಕುವಾಗ ವ್ಯಾಕ್ಯೂಮ್ ಪೈಪೇ ಆಗಬೇಕು. ನೀರಿನ ಪೈಪ್ ಕತ್ತರಿಸಿ ತುರುಕಿದರೆ ಅದೇ ಕಥೆ ಮತ್ತೆ ಶುರು.

ಈ ಸಾಧನದ ನಿಜವಾದ ಬೆಲೆ ತಿಳಿಯುವುದು ಮುಂದಿನ ಎರಡು ಪರೀಕ್ಷೆಗಳಲ್ಲಿ. ಒಂದು, ಒಮ್ಮುಖ ವಾಲ್ವಿನದು. ಗಾಳಿ ಬೂಸ್ಟರಿನಿಂದ ಎಂಜಿನ್ ಕಡೆಗೆ ಹೋಗಬೇಕು, ಹಿಂದಕ್ಕೆ ಬರಬಾರದು. ವಾಲ್ವನ್ನು ಹೊರತೆಗೆದು ಬೂಸ್ಟರ್ ಕಡೆಯ ಬಾಯಿಗೆ ಪಂಪ್ ಹಚ್ಚಿ ಎಳೆಯಿರಿ, ಮುಳ್ಳು ನಿಲ್ಲಬೇಕು. ಎಂಜಿನ್ ಕಡೆಯ ಬಾಯಿಗೆ ಹಚ್ಚಿದರೆ ಮುಳ್ಳು ಏಳಲೇಬಾರದು. ವಾಲ್ವ್ ಕೂರುವ ರಬ್ಬರ್ ಗ್ರಾಮೆಟ್ ಬಿರುಕು ಬಿಟ್ಟಿದ್ದರೂ ಸೋರಿಕೆ ಇದ್ದೇ ಇರುತ್ತದೆ, ಅದನ್ನು ಹಾಗೆ ಬಿಡಬೇಡಿ.

ಎರಡನೆಯದು ಬೂಸ್ಟರಿನದು. ಎಂಜಿನ್ ಆಫ್ ಮಾಡಿ ಪಂಪಿನಿಂದ ನೇರವಾಗಿ 20 ಇಂಚು ಎಳೆದು ಅರ್ಧ ನಿಮಿಷ ಬಿಡಿ. ಬೂಸ್ಟರ್ ಹೊಟ್ಟೆ ದೊಡ್ಡದು, ಹಿಡಿಯನ್ನು ಹತ್ತಾರು ಸಲ ಒತ್ತಬೇಕು, ಕೈ ನೋಯುತ್ತದೆ. ಮುಳ್ಳು ನಿಂತರೆ ಸರಿಯೆಂದು ಎದ್ದು ಹೋಗಬೇಡಿ. ಯಾರನ್ನಾದರೂ ಪೆಡಲ್ ಒತ್ತಿ ಹಿಡಿಯಲು ಹೇಳಿ. ಒತ್ತಿದ ಕ್ಷಣ ಮುಳ್ಳು ಒಮ್ಮೆ ಇಳಿಯುವುದು ಸಹಜ. ಅದಾದ ಮೇಲೂ ಇಳಿಯುತ್ತಲೇ ಹೋದರೆ ಒಳಗಿನ ಡಯಾಫ್ರಮ್ (ರಬ್ಬರ್ ಪರದೆ) ಅಥವಾ ವಾಲ್ವ್ ಹೋಗಿದೆ. ಪೆಡಲ್ ಬಿಟ್ಟಾಗ ಗಟ್ಟಿಯಾಗಿ ನಿಂತು, ಒತ್ತಿದಾಗ ಮಾತ್ರ ಸೋರುವ ಬೂಸ್ಟರುಗಳಿವೆ. ಕಿವಿಗೆ ಅದು ಡ್ಯಾಶ್‌ಬೋರ್ಡಿನ ಕೆಳಗೆ ನಿಲ್ಲದ ಬುಸ್ ಸದ್ದು.

ಈ ಪಂಪುಗಳ ದೋಷವೂ ಕಡಿಮೆಯಿಲ್ಲ. ಪ್ಲಾಸ್ಟಿಕ್ ಮೈಯವು ಹಗುರ, ಆದರೆ ಹಿಡಿಯ ಕೀಲು ಬೇಗ ಸಡಿಲವಾಗುತ್ತದೆ. ಲೋಹದ್ದೇ ವಾಸಿ. ಕಿಟ್ಟಿನಲ್ಲಿ ಸಣ್ಣ ಅಡಾಪ್ಟರ್ ಡಜನ್ ಇರುತ್ತವೆ, ಬೂಸ್ಟರ್ ಪೈಪಿಗೆ ಬೇಕಾದ 10–12 ಮಿಲಿಮೀಟರಿನದೇ ಇರುವುದಿಲ್ಲ. ಕೊಳ್ಳುವ ಮುಂಚೆ ಅದೊಂದನ್ನು ನೋಡಿಕೊಳ್ಳಿ. ಎಲೆಕ್ಟ್ರಿಕ್ ಬೂಸ್ಟರ್ ಇರುವ ಕಾರಿದ್ದರೆ ಕೊಳ್ಳಲೇಬೇಡಿ, ಅಲ್ಲಿ ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಬೇಕು.

ಏರ್ ತೆಗೆಯಲೂ ಇದೇ ಸಾಕು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಸಾಕು ನಿಜ, ಆದರೆ ಏರ್ ಬಿಡಲು ಸಡಿಲಿಸುವ ಬ್ಲೀಡರ್ ಸ್ಕ್ರೂವಿನ ಥ್ರೆಡ್ಡಿನ ಸಂದಿನಿಂದ ಗಾಳಿ ಎಳೆದು ಗುಳ್ಳೆ ಬರುತ್ತಲೇ ಇರುತ್ತದೆ, ಲೈನಿನಲ್ಲಿ ಇನ್ನೂ ಏರ್ ಇದೆಯೆಂದು ಮೋಸ ಹೋಗುತ್ತೇವೆ. ಸ್ಕ್ರೂವಿಗೂ ಪಂಪಿಗೂ ನಡುವೆ ಆಯಿಲ್ ಹಿಡಿಯುವ ಜಾಡಿ ತುಂಬಿ ಬ್ರೇಕ್ ಆಯಿಲ್ ಪಂಪಿನೊಳಗೆ ಹೋದರೆ ಸೀಲ್ ಉಬ್ಬಿ ಗೇಜ್ ಸುಳ್ಳು ಹೇಳಲು ಶುರುಮಾಡುತ್ತದೆ. ಜಾಡಿ ಅರ್ಧವಾದಾಗಲೇ ಖಾಲಿ ಮಾಡಿ.