ಮನೆಯಲ್ಲೇ ಕಟ್ಟಿದ ಕೆಪಾಸಿಟರ್ ಸ್ಪಾಟ್ ವೆಲ್ಡರ್: ಬಹುಕಾಲ ಬಳಸಿದವನ ಮಾತು

ಕೆಪಾಸಿಟರ್‌ನಲ್ಲಿ ತುಂಬಿಸಿಟ್ಟ ವಿದ್ಯುತ್ತನ್ನು ಒಮ್ಮೆಲೇ ಹರಿಸಿ ಬ್ಯಾಟರಿ ಸೆಲ್‌ಗೆ ನಿಕ್ಕಲ್ ಪಟ್ಟಿ ಬೆಸೆಯುವ ಯಂತ್ರ ಇದು. ಇದರ ಸರ್ಕ್ಯೂಟ್ ಹುಡುಕಿದವರೆಲ್ಲ ಸ್ವಿಚ್ ಭಾಗದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಮಾಸ್‌ಫೆಟ್ (ಬೇಕೆಂದಾಗ ಆನ್, ಆಫ್ ಮಾಡಬಹುದಾದ ಎಲೆಕ್ಟ್ರಾನಿಕ್ ಸ್ವಿಚ್) ಎಷ್ಟು ಹಾಕಬೇಕು, ಥೈರಿಸ್ಟರ್ (ಒಮ್ಮೆ ಆನ್ ಆದರೆ ಕರೆಂಟ್ ನಿಲ್ಲುವವರೆಗೆ ಆನ್ ಆಗಿಯೇ ಇರುವ ಸ್ವಿಚ್) ಸಾಕೇ, ತಂತಿ ಎಷ್ಟು ದಪ್ಪ ಇರಬೇಕು ಎಂದು. ದಿನವೂ ಕೂತು ಸೆಲ್‌ಗೆ ನಿಕ್ಕಲ್ ಪಟ್ಟಿ ಹಚ್ಚುವ ನನ್ನನ್ನು ಕೇಳಿದರೆ, ಈ ಯಂತ್ರ ಹಿತವೋ ಹಿಂಸೆಯೋ ಎಂಬುದನ್ನು ತೀರ್ಮಾನಿಸುವುದು ಅದರ ಚಾರ್ಜರ್. ಅದಕ್ಕೇ ಈ ವಿಮರ್ಶೆಯ ಬಹುಪಾಲು ಅದರದ್ದೇ.

ನನ್ನದು ಸರಳ ರಚನೆ: 16 ವೋಲ್ಟ್‌ನ 1,00,000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಹತ್ತು, ಎಲ್ಲವೂ ಸಮಾನಾಂತರವಾಗಿ, ಒಟ್ಟು 1 ಫ್ಯಾರಡ್. ಸ್ವಿಚ್ಚಿಗೆ ದಪ್ಪದೊಂದು ಥೈರಿಸ್ಟರ್. ಎರಡು ತಾಮ್ರದ ಮೊನೆಗಳು, ಕಾಲಲ್ಲಿ ಒತ್ತುವ ಸ್ವಿಚ್. 15 ವೋಲ್ಟ್‌ಗೆ ತುಂಬಿಸಿದರೆ ಒಳಗಿರುವುದು ಸುಮಾರು 112 ಜೂಲ್. ಒಮ್ಮೆ ಹಾರಿಸಿದರೆ, ಅಂದರೆ ಥೈರಿಸ್ಟರ್ ಆನ್ ಮಾಡಿ ಬೆಸೆದರೆ, ಅಷ್ಟೂ ಖಾಲಿ, ಅದಕ್ಕಿಂತ ಹೆಚ್ಚು ಹೋಗಲು ಸಾಧ್ಯವೇ ಇಲ್ಲ. ಸೂಪರ್ ಕೆಪಾಸಿಟರ್ (ಇದಕ್ಕಿಂತ ಬಹಳ ಹೆಚ್ಚು ಶಕ್ತಿ ಹಿಡಿದಿಡುವ ಬಗೆ) ಬಿಟ್ಟು ಇದನ್ನು ಆರಿಸಿದ್ದು ಈ ಗುಣಕ್ಕಾಗಿಯೇ. ಸ್ವಿಚ್ ಕೆಟ್ಟು ಶಾರ್ಟ್ ಆದರೂ ಸೆಲ್‌ಗೆ ತೂತು ಬೀಳುವಷ್ಟು ಶಕ್ತಿ ನಿರಂತರವಾಗಿ ಹರಿಯುವ ಭಯ ಇಲ್ಲ.

ಆದರೆ ಹೀಗೆ ಪ್ರತಿ ಬೆಸುಗೆಗೂ ಖಾಲಿಯಾಗುವುದರಿಂದ, ಪ್ರತಿ ಬೆಸುಗೆಗೂ ಕಾಯಬೇಕು. ತೊಂದರೆ ಶುರುವಾಗುವುದೇ ಇಲ್ಲಿ.

ಎಲ್ಲೆಡೆ ಸಿಗುವ ಸರ್ಕ್ಯೂಟ್‌ನಲ್ಲಿ ಅಡಾಪ್ಟರ್ ಮತ್ತು ಕೆಪಾಸಿಟರ್ ನಡುವೆ ಒಂದು ರೆಸಿಸ್ಟರ್ ಇರುತ್ತದೆ, ಅಷ್ಟೇ. 15 ವೋಲ್ಟ್ ಅಡಾಪ್ಟರ್‌ಗೆ 5 ಓಮ್ ರೆಸಿಸ್ಟರ್ ಹಾಕಿದರೆ ಮೊದಲ ಕ್ಷಣದಲ್ಲಿ 3 ಆಂಪಿಯರ್ ಹರಿಯುತ್ತದೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಐದು ಸೆಕೆಂಡಿಗೆ ಒಂಬತ್ತೂವರೆ ವೋಲ್ಟ್. ಹದಿನೈದರ ಹತ್ತಿರ ಬರಲು ಇಪ್ಪತ್ತಮೂರು ಸೆಕೆಂಡು ಹಿಡಿಯುತ್ತದೆ. ಕೊನೆಯ ಎರಡು ವೋಲ್ಟ್ ಅಂತೂ ತೆವಳುತ್ತದೆ. ಕೆಪಾಸಿಟರ್‌ನಲ್ಲಿ ಎಷ್ಟು ಶಕ್ತಿ ತುಂಬುತ್ತದೋ ಅಷ್ಟೇ ಶಕ್ತಿ ರೆಸಿಸ್ಟರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಸಾಲಾಗಿ ಹತ್ತಾರು ಬೆಸುಗೆ ಹಾಕಿದ ಮೇಲೆ ಅದನ್ನು ಮುಟ್ಟುವ ಹಾಗಿರುವುದಿಲ್ಲ.

ಕಾಯುವ ಬೇಸರಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ಆಗುವ ಮೊದಲು 13ಕ್ಕೇ ಕಾಲು ಒತ್ತಿದರೆ ಕಡಿಮೆಯಾದದ್ದು ಎರಡೇ ವೋಲ್ಟ್ ಅನಿಸುತ್ತದೆ, ಆದರೆ ಬೆಸುಗೆಗೆ ಸಿಗುವ ಶಕ್ತಿಯಲ್ಲಿ ಕಾಲುಭಾಗ ಮಾಯ. ಮೇಲಿಂದ ನೋಡಿದರೆ ಎರಡೂ ಬೆಸುಗೆಯ ಚುಕ್ಕಿ ಒಂದೇ ಥರ. ಬ್ಯಾಟರಿ ಪ್ಯಾಕ್ ಬಿಸಿಯಾಗಿ ತಣ್ಣಗಾಗಿ ಅಲುಗಾಡಿದ ಮೇಲೆ ಆ ದುರ್ಬಲ ಚುಕ್ಕಿಯೇ ಬಿಡುವುದು. ಮನುಷ್ಯನ ತಾಳ್ಮೆಯನ್ನು ನಂಬಿಕೊಂಡ ಸರ್ಕ್ಯೂಟನ್ನು ನಾನು ಯಾರಿಗೂ ಹೇಳಲಾರೆ.

ಹಾಗಾಗಿ ರೆಸಿಸ್ಟರ್ ಕಿತ್ತು, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ತಿರುಗಿಸಿ ನಿಗದಿ ಮಾಡಬಹುದಾದ ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸಿ ಕೊಡುವ ಸಣ್ಣ ಬೋರ್ಡ್) ಹಾಕಿದೆ. ಹಿಂದೆ ಹಳೆಯ 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್. ಅದೇ 3 ಆಂಪಿಯರ್, ಆದರೆ ಕೊನೆಯವರೆಗೂ 3 ಆಂಪಿಯರ್. 15 ವೋಲ್ಟ್ ತುಂಬಲು ಐದೇ ಸೆಕೆಂಡು! ಇಡೀ ಯಂತ್ರಕ್ಕೆ ಮಾಡಿದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಆ ಐದು ಸೆಕೆಂಡಿಗೆ ಕೈ ಎಷ್ಟು ಚೆನ್ನಾಗಿ ಒಗ್ಗಿಕೊಂಡಿದೆ ಎಂದರೆ, ಈಗ ಅದು ಕಾಯುವಿಕೆ ಅನಿಸುವುದೇ ಇಲ್ಲ. ಮೊನೆ ಎತ್ತುವುದು, ಹಾಕಿದ ಚುಕ್ಕಿಯ ಬಣ್ಣ ನೋಡುವುದು, ಪಟ್ಟಿಯನ್ನು ಮುಂದಿನ ಸೆಲ್ ಮೇಲೆ ಬೆರಳಿಂದ ಸವರಿ ಕೂರಿಸುವುದು, ಎರಡೂ ಮೊನೆಗೆ ಒಂದೇ ಒತ್ತಡ ಕೊಡುವುದು. ಅಷ್ಟರಲ್ಲಿ ಹಸಿರು ದೀಪ. ಕಾಲು ಒತ್ತಿದರೆ 'ಟಕ್'. ಈ ಲಯ ನನಗೆ ತುಂಬ ಇಷ್ಟ. ಕೆಲಸ ಮುಗಿದರೂ ಎದ್ದೇಳಲು ಮನಸ್ಸಾಗುವುದಿಲ್ಲ.

ಹಸಿರು ದೀಪ ಕೇವಲ ಅಲಂಕಾರವಲ್ಲ. ಒಂದು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್) ಕೆಪಾಸಿಟರ್‌ನ ತುದಿಯಲ್ಲೇ ವೋಲ್ಟೇಜ್ ಅಳೆಯುತ್ತದೆ. ನಿಗದಿಯಾದಷ್ಟು ಬರುವವರೆಗೆ ಕಾಲು ಸ್ವಿಚ್ ಒತ್ತಿದರೂ ಥೈರಿಸ್ಟರ್ ಹಾರುವುದಿಲ್ಲ. ನೀವು ಕಟ್ಟುವುದಾದರೆ ಈ ಬೀಗವನ್ನು ಬಿಡಲೇಬೇಡಿ.

ಚಾರ್ಜರ್ ಬದಲಿಸುವವರು ಇನ್ನೆರಡು ವಿಷಯ ಗಮನಿಸಬೇಕು. ಥೈರಿಸ್ಟರ್ ಒಮ್ಮೆ ಆನ್ ಆದರೆ ಅದರಲ್ಲಿ ಸಣ್ಣ ಕರೆಂಟ್ ಹರಿಯುತ್ತಿದ್ದರೂ ಆಫ್ ಆಗುವುದಿಲ್ಲ. ಚಾರ್ಜರ್‌ನ 3 ಆಂಪಿಯರ್ ಅದಕ್ಕೆ ಧಾರಾಳ ಸಾಕು. ಹಾಗಾಗಿ ಹಾರಿದ ಕ್ಷಣದಲ್ಲಿ ಚಾರ್ಜರ್ ಅರೆ ಸೆಕೆಂಡು ನಿಲ್ಲುವಂತೆ ಮಾಡಬೇಕು. ಇಲ್ಲದಿದ್ದರೆ ಮೊನೆ ಎತ್ತುವವರೆಗೂ ಕೆಪಾಸಿಟರ್ ತುಂಬುವುದಿಲ್ಲ. ಎರಡನೆಯದು, ಮಾಡ್ಯೂಲ್‌ನ ಮುಂದೆ ಒಂದು ಶಾಟ್ಕಿ ಡಯೋಡ್. ಅಡಾಪ್ಟರ್ ಕಿತ್ತರೆ ತುಂಬಿದ ಕೆಪಾಸಿಟರ್‌ಗಳು ಮಾಡ್ಯೂಲ್‌ನೊಳಗೆ ಹಿಮ್ಮುಖವಾಗಿ ಹರಿಯದಂತೆ ಅದು ತಡೆಯುತ್ತದೆ.

ದೂರುಗಳೂ ಇವೆ. ಥೈರಿಸ್ಟರ್ ಇರುವುದರಿಂದ ಜೋಡಿ ಪಲ್ಸ್ ಇಲ್ಲ. ಮೊದಲ ಸಣ್ಣ ಪಲ್ಸ್ ಪಟ್ಟಿಯನ್ನು ಕೂರಿಸಿ, ಎರಡನೆಯದು ಬೆಸೆಯುವ ಆ ಸೌಲಭ್ಯ ಬೇಕಾದವರು ಮಾಸ್‌ಫೆಟ್ ದಾರಿಯನ್ನೇ ಹಿಡಿಯಬೇಕು. ನನಗೆ ಕೈಯ ಒತ್ತಡದಿಂದಲೇ ಸರಿದೂಗಿಸಬೇಕಾಗಿದೆ. ತಾಮ್ರದ ಮೊನೆಗಳು ಬೇಗ ಕಪ್ಪಾಗಿ ಪಟ್ಟಿಗೆ ಅಂಟಿಕೊಳ್ಳುತ್ತವೆ, ಆಗಾಗ ಅರದಿಂದ ಉಜ್ಜುತ್ತಿರಬೇಕು. ತಂತಿ ಗಿಡ್ಡವಾಗಿರಬೇಕಾದ್ದರಿಂದ ಯಂತ್ರವನ್ನು ಮಡಿಲಲ್ಲೇ ಇಟ್ಟುಕೊಂಡಂತೆ ಕೂರಬೇಕು. 25 ಚದರ ಮಿಲಿಮೀಟರ್ ತಾಮ್ರವೂ ಮೀಟರಿಗೆ ಸುಮಾರು 0.7 ಮಿಲಿಓಮ್ ತಿನ್ನುತ್ತದೆ, ಇಡೀ ದಾರಿಯ ಪ್ರತಿರೋಧವೇ ಕೆಲವೇ ಮಿಲಿಓಮ್ ಇರುವಾಗ ಅದು ಸಣ್ಣ ಪಾಲಲ್ಲ.

ಕೆಲಸ ಶುರು ಮಾಡುವ ಮೊದಲು ಹಳೆಯ ಸತ್ತ ಸೆಲ್‌ನ ತಳಕ್ಕೆ 0.15 ಮಿಲಿಮೀಟರ್ ಪಟ್ಟಿಯ ತುಣುಕು ಹಚ್ಚಿ ಇಕ್ಕಳದಿಂದ ಸುಲಿಯುತ್ತೇನೆ. ಪಟ್ಟಿಯೇ ಹರಿದು ಚುಕ್ಕಿಗಳು ಸೆಲ್ ಮೇಲೆ ಉಳಿದರೆ ಸರಿ. ಹಾಗೇ ಬಿಟ್ಟುಬಂದರೆ ಅರ್ಧ ವೋಲ್ಟ್ ಏರಿಸುತ್ತೇನೆ. ನನ್ನ ತಂತಿಗಳಿಗೆ 14ರ ಆಸುಪಾಸು ಸಾಕಾಗುತ್ತದೆ.

ಸ್ಥಿರ ಕರೆಂಟಿನ ಚಾರ್ಜರ್ ಕೊಟ್ಟ ಅನಿರೀಕ್ಷಿತ ಲಾಭ ಬಹಳ ತಡವಾಗಿ ಗೊತ್ತಾಯಿತು. ಕರೆಂಟ್ ಬದಲಾಗದಿದ್ದರೆ ತುಂಬುವ ಸಮಯವೇ ಕೆಪಾಸಿಟರ್‌ನ ಅಳತೆ. ಇತ್ತೀಚೆಗೆ ಹಸಿರು ದೀಪ ಮೊದಲಿಗಿಂತ ಬೇಗ ಬರತೊಡಗಿತು. ವೇಗ ಹೆಚ್ಚಿತೆಂದು ಖುಷಿಪಡುವ ವಿಷಯವಲ್ಲ ಅದು, ಸಾಮರ್ಥ್ಯ ಕುಸಿದಿದೆ ಎಂದರ್ಥ. ಬಿಚ್ಚಿ ನೋಡಿದರೆ ಒಂದರ ತಲೆ ಉಬ್ಬಿತ್ತು. ಬದಲಿಸಿದ ಮೇಲೆ ಮತ್ತೆ ಐದು ಸೆಕೆಂಡು.