407ಕ್ಕೆ ಗ್ಯಾಸ್ ಶಾಕ್: ಎರಡೂವರೆ ವರ್ಷ, 61,000 ಕಿ.ಮೀ. ಆದ ಮೇಲೆ

ಹೊಸ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿಸಿದ ವಾರ ಯಾವ ಗಾಡಿಯೂ ಚೆನ್ನಾಗೇ ಓಡುತ್ತದೆ. ಅದಕ್ಕೇ ಇಷ್ಟು ದಿನ ಬರೆಯದೆ ಸುಮ್ಮನಿದ್ದೆ. ಈಗ ಮೂರು ಕಾಫಿ ಸೀಸನ್, ಎರಡು ಮಳೆಗಾಲ ಕಳೆದಿದೆ. ಇನ್ನು ಬರೆಯಬಹುದು ಅನ್ನಿಸಿತು.

ನನ್ನದು ಆರು ಚಕ್ರದ ಟಾಟಾ 407, ಸೆಕೆಂಡ್ ಹ್ಯಾಂಡ್. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಂದ ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್‌ಗಳಿಗೆ (ಕಾಫಿ ಹದ ಮಾಡುವ ಕಾರ್ಖಾನೆಗಳಿಗೆ) ಕಾಫಿ. ಸಾಮಾನ್ಯವಾಗಿ 50 ಕೆ.ಜಿ.ಯ 45 ಚೀಲ, ಅಂದರೆ 2,250 ಕೆ.ಜಿ. ಮಳೆ ಶುರುವಾದರೆ ಆಲೂಗಡ್ಡೆ, ಶುಂಠಿ. ಹೋಗುವಾಗ ಖಾಲಿ, ಬರುವಾಗ ಫುಲ್ ಲೋಡ್. ಟಾರು ರಸ್ತೆ ಬಿಟ್ಟು ತೋಟದೊಳಗೆ ಹೋಗುವ ಎರಡು ಮೂರು ಕಿಲೋಮೀಟರ್ ಕಲ್ಲಿನ ದಾರಿಯೇ ಗಾಡಿಯನ್ನು ತಿನ್ನುವುದು. ಹೈವೇ ಏನೂ ಮಾಡುವುದಿಲ್ಲ.

ಈ ಗ್ಯಾಸ್ ಶಾಕ್‌ಗೆ ಬರುವ ಮೊದಲು ಹಿಂಚಕ್ರದ ಶಾಕ್ ಜೋಡಿಗೆ ಎರಡು ಸಲ ದುಡ್ಡು ಸುರಿದಿದ್ದೆ. ಮೊದಲನೇ ಸಲ ಮೇ ತಿಂಗಳಲ್ಲಿ ಹೆಸರಿಲ್ಲದ ಅಗ್ಗದ ಮಾಲು ಹಾಕಿಸಿದೆ. ಸೆಪ್ಟೆಂಬರ್ ಹೊತ್ತಿಗೆ ಎಡಗಡೆಯದು ಎಣ್ಣೆ ಉಗುಳಿತು. ಸೀಸನ್ ತಲೆ ಮೇಲಿತ್ತು, ಹಾಗೇ ಓಡಿಸಿದೆ. ಗಾಡಿ ಹಿಂದೆ ತೂಗಾಡುತ್ತಿತ್ತು. ಸ್ಪ್ರಿಂಗ್ ಪ್ಲೇಟ್ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿ) ಸೋತಿದೆ ಅಂತ ನಾನೇ ತೀರ್ಮಾನ ಮಾಡಿ ಎರಡೂ ಕಡೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದೆ. ತೂಗಾಟ ಸ್ವಲ್ಪ ಕಮ್ಮಿಯಾಯಿತು. ಆದರೆ ಮಾರ್ಚ್‌ನಲ್ಲಿ ನೋಡಿದರೆ ಎಡಗಡೆ ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ಗುಂಡಿ, ಅಲ್ಲಲ್ಲಿ ಉಬ್ಬು. ಚಕ್ರ ರಸ್ತೆಗೆ ಅಂಟಿಕೊಂಡು ಉರುಳದೆ ಕುಣಿಯುತ್ತಾ ಹೋಗಿದೆ, ಕುಣಿದು ಬಿದ್ದ ಕಡೆಯೆಲ್ಲ ರಬ್ಬರ್ ಸವೆದಿದೆ. ಶಾಕ್‌ನಲ್ಲಿ ಉಳಿಸಿದ ದುಡ್ಡು ಟೈರಿಗೆ ಹೋಯಿತು.

ಎರಡನೇ ಸಲ ಒಳ್ಳೆ ಕಂಪನಿಯದೇ ತಂದೆ, ಗಾಡಿ ಜೊತೆ ಬರುವ ಅಳತೆಯದೇ. ಏಳೇ ತಿಂಗಳು. ಬಲಗಡೆಯದರ ಮೇಲಿನ ಕಣ್ಣು, ಅಂದರೆ ಬೋಲ್ಟ್ ಕೂರುವ ಬಳೆ, ಬೆಸುಗೆ ಸಮೇತ ಕಿತ್ತುಬಂತು. ಅಂಗಡಿಯವರ ಜೊತೆ ಜಗಳಕ್ಕೇ ಹೊರಟಿದ್ದೆ. ನಮ್ಮ ಗ್ಯಾರೇಜ್ ಮೇಸ್ತ್ರಿ ತಡೆದರು. ಅರವತ್ತು ದಾಟಿದವರು, ಮಾತು ಕಮ್ಮಿ. ಗಾಡಿ ಕೆಳಗೆ ಮಲಗಿ ಒಂದು ನಿಮಿಷ ನೋಡಿ ಎದ್ದು, "ಶಾಕ್‌ದು ತಪ್ಪಿಲ್ಲ ಕಣಪ್ಪ. ನೀನು ಹಾಕಿಸಿದ್ದೀಯಲ್ಲ ಪ್ಲೇಟು, ಅದರದ್ದು" ಅಂದರು.

ನನ್ನನ್ನೂ ಕೆಳಗೆ ಕರೆದು ಇನ್ನೊಂದು ಕಡೆಯ ಶಾಕ್ ತೋರಿಸಿದರು. ಪ್ಲೇಟ್ ಜಾಸ್ತಿಯಾದ ಮೇಲೆ ಖಾಲಿ ಗಾಡಿ ಎತ್ತರಕ್ಕೆ ನಿಂತಿದೆ. ಶಾಕ್ ನಿಂತಲ್ಲೇ ಹೆಚ್ಚುಕಮ್ಮಿ ಪೂರ್ತಿ ಹಿಗ್ಗಿಬಿಟ್ಟಿದೆ. ಇನ್ನು ಹಿಗ್ಗಲು ಒಂದು ಬೆರಳಿನಷ್ಟು ಜಾಗ ಇದ್ದರೆ ಹೆಚ್ಚು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಶಾಕ್ ಕೊನೆಗೆ ಹೋಗಿ ಟಕ್ ಅಂತ ನಿಲ್ಲುತ್ತದೆ, ಆಕ್ಸಲ್‌ನ ಭಾರವೆಲ್ಲ ಆ ಕಣ್ಣಿಗೆ ನೇತುಬೀಳುತ್ತದೆ. ಖಾಲಿ ಹೋಗುವಾಗ ಹಿಂದಿನಿಂದ ಬರುತ್ತಿದ್ದ ಟಕ್ ಟಕ್ ಸದ್ದು ಡಾಲಾದ (ಹಿಂದಿನ ಬಾಗಿಲಿನ) ಕೊಂಡಿಯದು ಅಂದುಕೊಂಡು ನಾನು ಎರಡು ಸಲ ಹಗ್ಗ ಬಿಗಿದಿದ್ದೆ!

ಅವತ್ತು ತಿಳಿದಿದ್ದು ಇಷ್ಟು. ಭಾರ ಹೊರುವುದು ಪ್ಲೇಟ್. ಶಾಕ್ ಒಂದು ಕೆ.ಜಿ.ಯನ್ನೂ ಹೊರುವುದಿಲ್ಲ. ಪ್ಲೇಟ್ ಒಮ್ಮೆ ಬಗ್ಗಿ ಎದ್ದ ಮೇಲೆ ಮತ್ತೆ ಮತ್ತೆ ಕುಣಿಯದ ಹಾಗೆ ಹಿಡಿಯುವುದಷ್ಟೇ ಅದರ ಕೆಲಸ. ಪ್ಲೇಟ್‌ಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದಲೂ ಕುಣಿತ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಎಷ್ಟೋ ದೊಡ್ಡ ಲಾರಿಗಳಲ್ಲಿ ಹಿಂದೆ ಶಾಕೇ ಇಲ್ಲದಿರುವುದು ಅದಕ್ಕೇ. ಹಾಗಾಗಿ "ಲೋಡ್ ಜಾಸ್ತಿ, ಗಟ್ಟಿ ಶಾಕ್ ಕೊಡಿ" ಅಂತ ಅಂಗಡಿಯಲ್ಲಿ ಕೇಳುವುದೇ ತಪ್ಪು ಪ್ರಶ್ನೆ. ನಾನೂ ಹಾಗೇ ಕೇಳಿದ್ದೆ ಅನ್ನಿ.

ಮೂರನೇ ಸಲ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದೆವು. ಮೊದಲು ಜಾಸ್ತಿ ಹಾಕಿಸಿದ್ದ ಪ್ಲೇಟ್‌ಗಳನ್ನು ಬಿಚ್ಚಿಸಿದೆ. ಆಮೇಲೆ ಖಾಲಿ ಗಾಡಿಯಲ್ಲಿ ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ಗೆ ಒಂದು ಅಳತೆ, 45 ಚೀಲ ಹೇರಿದ ಮೇಲೆ ಇನ್ನೊಂದು. ಶಾಕ್ ಪೂರ್ತಿ ಹಿಗ್ಗಿದಾಗಿನ ಉದ್ದ ಖಾಲಿ ಅಳತೆಗಿಂತ ನಾಲ್ಕು ಬೆರಳಾದರೂ ಜಾಸ್ತಿ ಇರಬೇಕು. ಪೂರ್ತಿ ಕುಗ್ಗಿದಾಗಿನ ಉದ್ದ ಲೋಡ್ ಅಳತೆಗಿಂತ ಚೆನ್ನಾಗಿ ಕಮ್ಮಿ ಇರಬೇಕು, ಅಂದರೆ ಆಕ್ಸಲ್ ಮೇಲಿನ ರಬ್ಬರ್ ತಾಗಿದ ಮೇಲೂ ಶಾಕ್ ತಳ ಮುಟ್ಟಬಾರದು. ಕಣ್ಣಿನ ತೂತು, ಅದರೊಳಗೆ ಕೂರುವ ರಬ್ಬರ್ ಬುಷ್‌ನ ಅಗಲ ಕೂಡ ಬರೆದುಕೊಂಡೆವು.

ಇನ್ನು ಯಾವ ಜಾತಿಯದು ಅನ್ನುವ ಪ್ರಶ್ನೆ. ಬರೀ ಎಣ್ಣೆಯದು ಅಗ್ಗ. ಆದರೆ ಕಲ್ಲು ದಾರಿಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಕಾದು, ಒಳಗಿನ ಗಾಳಿ ಜೊತೆ ಬೆರೆತು ನೊರೆಯಾಗುತ್ತದೆ. ನೊರೆಗೆ ಹಿಡಿತ ಎಲ್ಲಿ ಬರಬೇಕು? ಗ್ಯಾಸ್ ಶಾಕ್‌ನಲ್ಲಿ ಗಾಳಿಯ ಬದಲು ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ, ನೊರೆ ಸುಲಭಕ್ಕೆ ಏಳುವುದಿಲ್ಲ. ಒಂದೇ ಕೊಳವೆಯ ಮೋನೋ ಟ್ಯೂಬ್ ಇನ್ನೂ ಬೇಗ ತಣಿಯುತ್ತದೆ, ಅದನ್ನೇ ತರೋಣ ಅಂತಿದ್ದೆ. ಮೇಸ್ತ್ರಿ ಬೇಡ ಅಂದರು. ಅದರ ಹೊರಗಿನ ಕೊಳವೆಯೊಳಗೇ ಪಿಸ್ಟನ್ ಓಡಾಡುತ್ತದೆ. ತೋಟದ ದಾರಿಯಲ್ಲಿ ಒಂದು ಕಲ್ಲು ಹಾರಿ ಬಡಿದು ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಕೊಳವೆಯದಾದರೆ ಹೊರಗಡೆ ಸ್ವಲ್ಪ ತಗ್ಗಾದರೂ ಒಳಗಿನದು ಬಚಾವ್. ಕೊನೆಗೆ ಎರಡು ಕೊಳವೆಯ, ಸ್ವಲ್ಪ ದಪ್ಪ ಪಿಸ್ಟನ್‌ನ ಗ್ಯಾಸ್ ಶಾಕ್‌ಗಳನ್ನು ಅಳತೆ ಕೊಟ್ಟು ತರಿಸಿದೆವು. ಮುಂದೆ ಎರಡು, ಹಿಂದೆ ಎರಡು, ನಾಲ್ಕಕ್ಕೂ ಒಟ್ಟಿಗೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಒಂದೇ ಕಂಪನಿ ಎಣ್ಣೆಯದನ್ನೂ ಮಾಡುತ್ತದೆ, ಗ್ಯಾಸಿನದನ್ನೂ ಮಾಡುತ್ತದೆ. ಹೆಸರು ಹೇಳಿದರೆ ನೀವು ತಪ್ಪಾದದ್ದನ್ನೇ ತರಬಹುದು.

ಹಾಕುವ ದಿನ ನೋಡಲು ಮಜಾ ಇತ್ತು. ಹೊಸ ಶಾಕ್‌ಗೆ ಕಟ್ಟಿದ್ದ ಪಟ್ಟಿ ಕತ್ತರಿಸಿದ ಕೂಡಲೇ ಅದರ ದಂಡ ತಾನಾಗಿಯೇ ನಿಧಾನಕ್ಕೆ ಹೊರಗೆ ಬಂತು, ಆಮೆ ಕತ್ತು ಚಾಚಿದ ಹಾಗೆ. ಪಕ್ಕದಲ್ಲೇ ಹಳೆಯ ಶಾಕ್ ಎಳೆದು ನೋಡಿದೆ. ಮೊದಲ ಎರಡು ಇಂಚು ಏನೂ ಹಿಡಿತವಿಲ್ಲ, ಸೈಕಲ್ ಪಂಪ್ ಎಳೆದಂತೆ. ಮೇಸ್ತ್ರಿ ಹೊಸದನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಬಿಟ್ಟು ಆಮೇಲೆ ಕೂರಿಸಿದರು. ಬೋಲ್ಟ್‌ಗಳನ್ನು ಜಾಕ್ ಮೇಲೆ ಇದ್ದಾಗ ಸುಮ್ನೆ ಸಿಕ್ಕಿಸಿ, ಗಾಡಿ ಚಕ್ರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿದರು. ಜಾಕ್ ಮೇಲೇ ಬಿಗಿದರೆ ಬುಷ್ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಓಡಿಸಲು ಹೇಗಿದೆ? ಲೋಡ್ ಇದ್ದಾಗ ಮಾರನಹಳ್ಳಿಯಿಂದ ಕೆಳಗೆ ಶಿರಾಡಿ ತಿರುವುಗಳಲ್ಲಿ ಗಾಡಿ ಒಮ್ಮೆ ವಾಲಿ ಅಲ್ಲೇ ನಿಲ್ಲುತ್ತದೆ, ಮೊದಲಿನ ಹಾಗೆ ಆ ಕಡೆ ಈ ಕಡೆ ತೂಗುವುದಿಲ್ಲ. ಟೈರ್ ಸಮನಾಗಿ ಸವೆಯುತ್ತಿದೆ. ನನಗೆ ಇದೇ ದೊಡ್ಡ ಲಾಭ. ಆದರೆ ಖಾಲಿ ಗಾಡಿ ಮೊದಲಿಗಿಂತ ಗಟ್ಟಿ. ಹಂಪ್ ಮೇಲೆ ಬೆನ್ನಿಗೆ ಗೊತ್ತಾಗುತ್ತದೆ. ಕ್ಲೀನರ್ ಹುಡುಗ ಮೊದಲ ವಾರವೇ "ಅಣ್ಣ, ಇದಕ್ಕಿಂತ ಹಳೇದೇ ವಾಸಿ ಇತ್ತು" ಅಂದ. ಬೆಲೆಯೂ ಎಣ್ಣೆಯದಕ್ಕಿಂತ ಜಾಸ್ತಿ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಟಾರು ರಸ್ತೆಯಲ್ಲೇ ಓಡುವವರಿಗೆ ಇಷ್ಟು ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

ಎರಡು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡುತ್ತೇನೆ. ಕಲ್ಲು ದಾರಿ ಮುಗಿಸಿ ಟಾರು ರಸ್ತೆಗೆ ಬಂದ ಕೂಡಲೇ ಗಾಡಿ ನಿಲ್ಲಿಸಿ ನಾಲ್ಕೂ ಶಾಕ್‌ಗಳನ್ನು ಹುಷಾರಾಗಿ ಮುಟ್ಟಿ ನೋಡುವುದು. ಕೆಲಸ ಮಾಡಿದ ಶಾಕ್ ಬೆಚ್ಚಗಿರುತ್ತದೆ. ತಣ್ಣಗಿದ್ದರೆ ಅದು ಸತ್ತಿದೆ ಅಂತಲೇ ಲೆಕ್ಕ. ಸೀಲ್ ಹತ್ತಿರ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ, ಕೊಳವೆ ಉದ್ದಕ್ಕೂ ಇಳಿದು ಮಣ್ಣು ಮೆತ್ತಿಕೊಂಡಿದ್ದರೆ ಬದಲಾಯಿಸಲೇಬೇಕು. ಅದೂ ಜೋಡಿಯಾಗಿ.

ಕಳೆದ ವಾರ ನೋಡಿದಾಗ ಮುಂದಿನ ಎರಡೂ ಚೆನ್ನಾಗಿವೆ, ಬುಷ್ ಮಾತ್ರ ಬಿರುಕು ಬಿಟ್ಟಿದೆ. ಹಿಂದಿನ ಎಡಗಡೆಯದು ಮಿಕ್ಕವಕ್ಕಿಂತ ಸ್ವಲ್ಪ ತಣ್ಣಗಿತ್ತು. ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಬರಲು ಶುರುವಾಗಿದೆ, ಈ ಹದಿನೈದು ದಿನ ಗಾಡಿ ನಿಲ್ಲಿಸುವ ಹಾಗಿಲ್ಲ. ಅದು ಮುಗಿದ ಮೇಲೆ ಹಿಂದಿನ ಜೋಡಿ ಅದೇ ಮಾಲು, ಅದೇ ಅಳತೆ ತರಿಸಲು ಹೇಳಿದ್ದೇನೆ. ಬಿಚ್ಚಿದ ಎರಡು ಪ್ಲೇಟ್‌ಗಳು ಮನೆ ಹಿಂದೆ ಸೌದೆ ಅಟ್ಟಿಗೆ ಅಡಿಯಾಗಿ ಬಿದ್ದಿವೆ.