ವಿಮ್‌ನೊಳಗಿನ ಟರ್ಮಿನಲ್: ಪ್ರಶ್ನೆ ಕೇಳುವ ಸ್ಕ್ರಿಪ್ಟುಗಳಿಗೆ ಎಷ್ಟು ಒದಗುತ್ತದೆ?

ಕೊಟ್ಟ ಕೆಲಸವನ್ನು ತೆಪ್ಪಗೆ ಮಾಡಿ ಮುಗಿಸುವ ಸ್ಕ್ರಿಪ್ಟನ್ನು ಯಾವ ಎಡಿಟರಿನೊಳಗಿಂದ ಓಡಿಸಿದರೂ ನಡೆಯುತ್ತದೆ. ತೊಂದರೆ ಶುರುವಾಗುವುದು ಸ್ಕ್ರಿಪ್ಟು ನಡುವೆ ನಿಂತು ನಮ್ಮನ್ನೇ ಏನಾದರೂ ಕೇಳಿದಾಗ: ಸಾಲದ ಮೊತ್ತ ಎಷ್ಟು, ಈ ಫೈಲನ್ನು ಅಳಿಸಬಹುದೇ, ಪಾಸ್‌ವರ್ಡ್ ಏನು. ವಿಮ್ ಎಡಿಟರಿನ 8.1ನೇ ಆವೃತ್ತಿಯೊಂದಿಗೆ 2018ರ ಮೇ ತಿಂಗಳಲ್ಲಿ ಬಂದ, ಎಡಿಟರಿನ ಕಿಟಕಿಯೊಂದರಲ್ಲೇ ಬೇರೆ ಪ್ರೋಗ್ರಾಮನ್ನು ಓಡಿಸುವ ‘ಟರ್ಮಿನಲ್’ ಆಜ್ಞೆಯನ್ನು ಈ ಒಂದು ಅಗತ್ಯದ ದೃಷ್ಟಿಯಿಂದಷ್ಟೇ ಇಲ್ಲಿ ನೋಡಿದ್ದೇನೆ.

ಅದಕ್ಕೂ ಮೊದಲಿನಿಂದ ಇರುವ ದಾರಿಯೆಂದರೆ ಕೋಲನ್ ಒತ್ತಿ, ಆಶ್ಚರ್ಯಸೂಚಕ ಚಿಹ್ನೆ ಹಾಕಿ, ‘ಪೈಥಾನ್3’ ಎಂದು ಬರೆದು, ತೆರೆದಿರುವ ಫೈಲಿನ ಹೆಸರಿಗೆ ಬದಲಾಗಿ ಶೇಕಡಾ ಚಿಹ್ನೆ ಕೊಡುವುದು. ಟರ್ಮಿನಲ್ಲಿನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಓಡುತ್ತಿರುವ ವಿಮ್ ಆಗ ಪಕ್ಕಕ್ಕೆ ಸರಿದು, ಪರದೆಯನ್ನೂ ಕೀಲಿಮಣೆಯನ್ನೂ ಸ್ಕ್ರಿಪ್ಟಿಗೆ ಬಿಟ್ಟುಕೊಡುವುದರಿಂದ ಪ್ರಶ್ನೋತ್ತರ ಸರಾಗವಾಗಿಯೇ ನಡೆಯುತ್ತದೆ. ಆದರೆ ಅಷ್ಟು ಹೊತ್ತು ಕೋಡ್ ಕಾಣುವುದಿಲ್ಲ. ಎಂಟರ್ ಒತ್ತಿ ಕೋಡಿಗೆ ಮರಳಿದ ಮೇಲೆ ಫಲಿತಾಂಶ ಕಾಣುವುದಿಲ್ಲ. ದೋಷ ಯಾವ ಸಾಲಿನಲ್ಲಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡೇ ವಾಪಸು ಬರಬೇಕು. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಎಡಿಟರಿನಲ್ಲಂತೂ ಈ ದಾರಿ ಮುಚ್ಚಿಯೇ ಹೋಗಿದೆ. ಅಲ್ಲಿ ಈ ಆಜ್ಞೆ ಪ್ರಶ್ನೋತ್ತರವಿಲ್ಲದ ಕೆಲಸಗಳಿಗೆ ಮಾತ್ರ ಮೀಸಲು; ಉತ್ತರ ಕೇಳುವ ‘ಇನ್‌ಪುಟ್’ ಫಂಕ್ಷನ್ ಎದುರಾದ ಕೂಡಲೇ ಪೈಥಾನ್, ಓದಲು ಏನೂ ಇಲ್ಲ ಎಂಬರ್ಥದ ‘ಇಒಎಫ್‌ಎರರ್’ ಎಂದು ಕೈಚೆಲ್ಲುತ್ತದೆ. ಬಫರಿನಲ್ಲಿರುವ, ಅಂದರೆ ಎಡಿಟರಿನಲ್ಲಿ ತೆರೆದಿರುವ, ಕೋಡನ್ನು ಪೈಥಾನಿಗೆ ನೇರವಾಗಿ ಪೈಪ್ ಮಾಡಿದರೂ (ಹರಿಯಬಿಟ್ಟರೂ) ಇದೇ ಗತಿ, ಏಕೆಂದರೆ ಪ್ರೋಗ್ರಾಮು ಓದುವ ದಾರಿಯಾದ ಸ್ಟ್ಯಾಂಡರ್ಡ್ ಇನ್‌ಪುಟ್ ಪೂರ್ತಿ ಕೋಡಿಗೇ ಖರ್ಚಾಗಿ ಉತ್ತರ ಓದಲು ಅಲ್ಲಿ ಏನೂ ಉಳಿದಿರುವುದಿಲ್ಲ.

‘ಟರ್ಮಿನಲ್’ ಆಜ್ಞೆ ಈ ಸಮಸ್ಯೆಯನ್ನು ಬೇರಿನಲ್ಲೇ ಬಗೆಹರಿಸುತ್ತದೆ. ಅದು ಪಿಟಿವೈ ಎನ್ನುವ ಹುಸಿ ಟರ್ಮಿನಲ್ ಒಂದನ್ನು ಸೃಷ್ಟಿಸಿ, ಸ್ಕ್ರಿಪ್ಟನ್ನು ಅದಕ್ಕೆ ಜೋಡಿಸಿ, ಬರುವ ಅಕ್ಷರ ಮತ್ತು ಬಣ್ಣಗಳನ್ನು ಲಿಬ್‌ವಿಟರ್ಮ್ ಎಂಬ ಲೈಬ್ರರಿಯ ನೆರವಿನಿಂದ ತನ್ನದೇ ಕಿಟಕಿಯಲ್ಲಿ ಬಿಡಿಸುತ್ತದೆ. ಪ್ರೋಗ್ರಾಮುಗಳು ತಮ್ಮೆದುರು ನಿಜವಾದ ಟರ್ಮಿನಲ್ ಇದೆಯೋ ಬರೀ ಪೈಪ್ ಇದೆಯೋ ಎಂದು ನೋಡಿಕೊಂಡು ವರ್ತಿಸುವುದರಿಂದ ಈ ವ್ಯತ್ಯಾಸ ದೊಡ್ಡದು. ಪೈಪಿಗೆ ಜೋಡಿಸಿದ ಸಿ ಪ್ರೋಗ್ರಾಮಿನಲ್ಲಿ ‘ಪ್ರಿಂಟ್‌ಎಫ್’ ಬರೆದ ಪ್ರಶ್ನೆ ಪ್ರೋಗ್ರಾಮಿನದೇ ತಾತ್ಕಾಲಿಕ ಸಂಗ್ರಹವಾದ ಬಫರಿನಲ್ಲೇ ಕೂತು, ಉತ್ತರ ಕೊಡುವ ಹೊತ್ತು ಮೀರಿದ ಮೇಲೆ ಹೊರಬರಬಹುದು. ಪಿಟಿವೈ ಇದ್ದಾಗ ಪ್ರಶ್ನೆ ಮೊದಲು ಬರುತ್ತದೆ, ಟೈಪ್ ಮಾಡಿದ ಪಾಸ್‌ವರ್ಡ್ ಪರದೆಯ ಮೇಲೆ ಕಾಣದೆಯೂ ಇರುತ್ತದೆ.

ಬಳಕೆ ಹೀಗಿದೆ. ಮಾಸಿಕ ಕಂತು ಲೆಕ್ಕ ಹಾಕುವ ಸಣ್ಣ ಪೈಥಾನ್ ಸ್ಕ್ರಿಪ್ಟನ್ನು ಉಳಿಸಿ, ಕೋಲನ್ ಒತ್ತಿ, ‘ಟರ್ಮಿನಲ್ ಪೈಥಾನ್3’ ಎಂದೂ ಶೇಕಡಾ ಚಿಹ್ನೆಯನ್ನೂ ಕೊಟ್ಟರೆ ಪರದೆ ಎರಡು ಭಾಗವಾಗುತ್ತದೆ. ಮೇಲಿನ ಭಾಗದಲ್ಲಿ ‘ಅಸಲು ಎಷ್ಟು?’ ಎಂಬ ಪ್ರಶ್ನೆ, ಕೆಳಗೆ ಆ ಪ್ರಶ್ನೆಯನ್ನು ಬರೆದ ಸಾಲು. ಅಂಕಿಗಳನ್ನು ಟೈಪ್ ಮಾಡುತ್ತ ಹೋದರಾಯಿತು. ಸ್ಕ್ರಿಪ್ಟು ಮುಗಿದರೂ ಕಿಟಕಿ ಮುಚ್ಚುವುದಿಲ್ಲ. ದೋಷದ ವಿವರ ಹಾಗೇ ನಿಂತಿರುತ್ತದೆ, ಅದರೊಳಗೆ ವಿಮ್‌ನ ಮಾಮೂಲಿ ಕೀಲಿಗಳಿಂದಲೇ ಹುಡುಕಿ ಬೇಕಾದ ಸಾಲನ್ನು ನಕಲು ಮಾಡಿಕೊಳ್ಳಬಹುದು. ಪೈಥಾನಿಗೆ ‘ಐ’ ಎಂಬ ಆಯ್ಕೆ ಸೇರಿಸಿದರೆ ಸ್ಕ್ರಿಪ್ಟು ಮುಗಿದ ಮೇಲೂ ಅದರ ಚರಾಂಶಗಳು ಕೈಗೆ ಸಿಗುತ್ತವೆ, ಬಡ್ಡಿದರ ಬದಲಿಸಿ ಅಲ್ಲೇ ಮತ್ತೆ ಲೆಕ್ಕ ಹಾಕಬಹುದು. ಕೋಡಿನ ನಡುವೆ ‘ಬ್ರೇಕ್‌ಪಾಯಿಂಟ್’ ಕರೆದು ಓಟ ನಿಲ್ಲಿಸಿ, ದೋಷ ಹುಡುಕಲು ನೆರವಾಗುವ ಡೀಬಗರಿನೊಡನೆ ಪಕ್ಕದಲ್ಲೇ ಮಾತಿಗಿಳಿಯುವ ಸುಖವನ್ನು, ನನ್ನ ಮಟ್ಟಿಗೆ, ಹಳೆಯ ದಾರಿ ಎಂದೂ ಕೊಟ್ಟಿರಲಿಲ್ಲ.

ಕಿರಿಕಿರಿಗಳೂ ಇವೆ, ಹೆಚ್ಚಿನವು ಕೀಲಿಗಳಿಗೆ ಸಂಬಂಧಿಸಿದವು. ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್ಲಿನಲ್ಲಿ ಹಿಂದಿನ ಪದವನ್ನು ಅಳಿಸುವ ಕಂಟ್ರೋಲ್-ಡಬ್ಲ್ಯುವನ್ನು ಇಲ್ಲಿ ವಿಮ್ ತನಗಾಗಿ ಇಟ್ಟುಕೊಂಡಿದೆ. ಅದನ್ನು ಸ್ಕ್ರಿಪ್ಟಿಗೆ ತಲುಪಿಸಬೇಕಾದರೆ ಹಿಂದೆಯೇ ಒಂದು ಚುಕ್ಕಿಯನ್ನೂ ಒತ್ತಬೇಕು. ‘ಟರ್ಮ್‌ವಿನ್‌ಕೀ’ ಸೆಟ್ಟಿಂಗಿನಲ್ಲಿ ಬೇರೆ ಕೀಲಿ ಕೊಡುವ ಅವಕಾಶವಿದೆ, ಅದನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದು. ಎಸ್ಕೇಪ್ ಒತ್ತಿದರೆ ವಿಮ್‌ನ ಆಜ್ಞಾಕೀಲಿಗಳು ನಡೆಯುವ ನಾರ್ಮಲ್ ಮೋಡಿಗೆ ಬರುವುದಿಲ್ಲ, ಅದು ನೇರ ಸ್ಕ್ರಿಪ್ಟಿಗೆ ಹೋಗುತ್ತದೆ. ಇದನ್ನು ತಪ್ಪೆನ್ನಲಾಗದು, ಏಕೆಂದರೆ ಎಸ್ಕೇಪನ್ನು ನಾವು ಬೇರೆ ಕೆಲಸಕ್ಕೆ ಹಚ್ಚಿದರೆ ಒಳಗಡೆ ಗಿಟ್ (ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ತಂತ್ರಾಂಶ) ತೆರೆಯುವ ಮತ್ತೊಂದು ವಿಮ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ಇದಕ್ಕಿಂತ ಹೆಚ್ಚು ಕಾಡುವುದು ಫೋಲ್ಡರಿನ ವಿಚಾರ: ಸ್ಕ್ರಿಪ್ಟು ಓಡುವುದು ವಿಮ್ ಆ ಹೊತ್ತಿಗೆ ಕೆಲಸ ಮಾಡುತ್ತಿರುವ ಫೋಲ್ಡರಿನಲ್ಲಿಯೇ ಹೊರತು ಆ ಫೈಲು ಇರುವ ಫೋಲ್ಡರಿನಲ್ಲಲ್ಲ. ಪಕ್ಕದಲ್ಲೇ ಇರುವ ಸಿಎಸ್‌ವಿ ಫೈಲು ಸಿಗಲಿಲ್ಲವೆಂದು ಸ್ಕ್ರಿಪ್ಟು ದೂರಿದರೆ ಮೊದಲು ಇದನ್ನೇ ನೋಡಬೇಕು. ಪೈಪ್ ಅಥವಾ ಮರುನಿರ್ದೇಶನ (ಫಲಿತಾಂಶವನ್ನು ಫೈಲಿಗೆ ತಿರುಗಿಸುವುದು) ಬೇಕಿದ್ದರೆ ಆಜ್ಞೆಗೆ ‘ಶೆಲ್’ ಎಂಬ ಆಯ್ಕೆಯನ್ನು ಎರಡು ಪ್ಲಸ್ ಚಿಹ್ನೆಗಳೊಡನೆ ಸೇರಿಸಬೇಕು.

ನಿಯೋವಿಮ್‌ನಲ್ಲಿ ಇದೇ ಹೆಸರಿನ ಆಜ್ಞೆ ವಿಮ್‌ಗಿಂತ ಮೊದಲೇ ಬಂದಿತ್ತು, ಆದರೂ ಈ ಕೆಲಸಕ್ಕೆ ನಾನು ವಿಮ್‌ನದನ್ನೇ ಆರಿಸುತ್ತೇನೆ. ನಿಯೋವಿಮ್‌ನಲ್ಲಿ ಟರ್ಮಿನಲ್ ಕಿಟಕಿಯನ್ನು ಒಡೆಯದೆ ಕೋಡಿನ ಜಾಗದಲ್ಲೇ ಬಂದು ಕೂರುತ್ತದೆ, ಉತ್ತರ ಟೈಪ್ ಮಾಡುವ ಮೊದಲು ‘ಐ’ ಒತ್ತಬೇಕು, ಹೊರಬರಲು ಕಂಟ್ರೋಲ್ ಜೊತೆ ಹಿಂಗೆರೆ, ಮತ್ತೆ ಕಂಟ್ರೋಲ್ ಜೊತೆ ‘ಎನ್’ ಒತ್ತಬೇಕು. ನಾಲ್ಕು ಸಾಲಿನ ಸೆಟ್ಟಿಂಗಿನಿಂದ ಸರಿಪಡಿಸಬಹುದಾದ ಸಂಗತಿಗಳೇ ಇವೆಲ್ಲ, ಆದರೆ ಹೊಸಬರಿಗೆ ಮೊದಲ ಅನುಭವ ಕಹಿಯಾಗುತ್ತದೆ.

ಬೆಲೆಯ ಮಾತಿಲ್ಲ, ವಿಮ್ ಉಚಿತ, ಇಷ್ಟವಿದ್ದವರು ಉಗಾಂಡದ ಮಕ್ಕಳ ನೆರವಿಗೆ ಹಣ ಕೊಡಿ ಎಂಬ ಕೋರಿಕೆ ಮಾತ್ರ ಅದರಲ್ಲಿದೆ. ಉಬುಂಟುವಿನಲ್ಲಿ ತಾನಾಗಿ ಬರುವ ‘ವಿಮ್ ಟೈನಿ’ಯಲ್ಲಿ ಈ ಸೌಲಭ್ಯ ಇರುವುದಿಲ್ಲ, ಪೂರ್ಣ ವಿಮ್ ಹಾಕಿಕೊಳ್ಳಬೇಕು. ಸ್ಕ್ರಿಪ್ಟು ಕನ್ನಡದಲ್ಲಿ ಪ್ರಶ್ನೆ ಕೇಳುವಂತಿದ್ದರೆ ಚೌಕಾಕಾರದ ಮನೆಗಳಲ್ಲಿ ಅಕ್ಷರ ಕೂರಿಸುವ ಟರ್ಮಿನಲ್ಲಿನಲ್ಲಿ ಒತ್ತಕ್ಷರಗಳು ಒಡೆದು ಕಾಣುವ ಸಂಭವ ಹೆಚ್ಚು. ದೂರದ ಸರ್ವರಿನಲ್ಲಿ ಗಂಟೆಗಟ್ಟಲೆ ಓಡುತ್ತ ಆಗಾಗ ಒಪ್ಪಿಗೆ ಕೇಳುವ ಸ್ಕ್ರಿಪ್ಟಿಗೆ ಮಾತ್ರ ಇದನ್ನು ನೆಚ್ಚಬಾರದು: ಸಂಪರ್ಕ ಕಡಿದು ವಿಮ್ ಹೋದರೆ ಅದರೊಳಗಿನ ಟರ್ಮಿನಲ್ಲೂ ಹೋಗುತ್ತದೆ. ಅಂಥ ಕಡೆ ಮೊದಲು, ಸಂಪರ್ಕ ಕಡಿದರೂ ಸರ್ವರಿನಲ್ಲಿ ಓಡುತ್ತಲೇ ಇರುವ ಟಿಮಕ್ಸ್ ಎಂಬ ಪ್ರೋಗ್ರಾಮನ್ನು ತೆರೆದು, ವಿಮ್ ಮತ್ತು ಸ್ಕ್ರಿಪ್ಟುಗಳನ್ನು ಅದರೊಳಗೆ ಇಟ್ಟುಕೊಳ್ಳಬೇಕು.